ಹದಿಮೂರು ಗೇಟುಗಳ ಹತ್ತು ನಿಮಿಷ

ಅಧ್ಯಕ್ಷ ಪೀಠದಲ್ಲಿ ಕುಳಿತು ಆಗಲೇ ಎರಡು ಸಲ ಗಡಿಯಾರ ನೋಡಿರುವ ಪೂಜ್ಯ ಪಾದ್ರಿಗಳೇ, ಟ್ರೂರೋ ಪಟ್ಟಣದಿಂದ ಬಂದ ಅಂಚೆ ಇಲಾಖೆಯ ಹಿರಿಯ ಅಧಿಕಾರಿಗಳೇ, ಚಹಾದ ಪಾತ್ರೆಯ ಹತ್ತಿರ ಜಾಗ ಹಿಡಿದಿರುವ ಮಹಿಳಾ ಸಂಘದ ಸದಸ್ಯೆಯರೇ, ನಮ್ಮ ಟ್ರೆವೆನ್ನಿಕ್ ಗ್ರಾಮದ ಸಮಸ್ತ ಸಭಿಕರೇ,

ನನ್ನ ಅಕ್ಕ ತಾಮ್ಸಿನ್ ನ್ಯಾನ್‌ಕ್ಯಾರೋ ನಲವತ್ತು ವರ್ಷ ಈ ಊರಿಗೆ ಅಂಚೆ ಹಂಚಿ ಇಂದು ನಿವೃತ್ತಳಾಗುತ್ತಿದ್ದಾಳೆ. ದಿನಕ್ಕೆ ಹನ್ನೊಂದು ಮೈಲಿ ನಡೆದವಳು ಅವಳು. ಆದರೆ ಅವಳ ಬೂಟಿಗೆ ನೂರಾ ಅರವತ್ತು ಸಲ ಹೊಸ ಅಟ್ಟೆ ಹೊಡೆದವನು ಈ ಚಮ್ಮಾರ ಹೆಡ್ಲಿ. ಆದ್ದರಿಂದ ಇಂದಿನ ಹೂಗುಚ್ಛದಲ್ಲಿ ಒಂದೆರಡು ಹೂವಾದರೂ ನನಗೆ ಸಲ್ಲಬೇಕು ಎಂದು ಇಲಾಖೆಯನ್ನು ವಿನಂತಿಸುತ್ತೇನೆ.

ನನಗಿಂತ ಮೊದಲು ಮೂವರು ಮಾತನಾಡಿದರು. ಮೂವರೂ ಏನನ್ನು ನೆನೆದರು? ಇಪ್ಪತ್ತೈದು ವರ್ಷದ ಹಿಂದೆ ಅಕ್ಕ ರೇಡಿಯೋದಲ್ಲಿ ಮಾಡಿದ ಭಾಷಣವನ್ನು ನೆನೆದರು. ಎಂಥ ಧ್ವನಿ, ಎಂಥ ಮಾತು ಎಂದರು. ಪೂಜ್ಯ ಪಾದ್ರಿಗಳಂತೂ ಅದು ಇನ್ನೂ ಕಿವಿಯಲ್ಲಿದೆ ಎಂದರು. ಪಾದ್ರಿಗಳು ಈ ಊರಿಗೆ ಬಂದು ಏಳು ವರ್ಷವಾಯಿತು. ಇರಲಿ, ಅವರು ದೇವರ ಮನುಷ್ಯರು.

ಸಭಿಕರೇ, ಆ ಭಾಷಣವನ್ನು ನಿಜವಾಗಿ ಕೇಳಿದವರು ಕೈ ಎತ್ತಿ ಎಂದು ನಾನು ಹೇಳುವುದಿಲ್ಲ. ಎತ್ತಿಬಿಡುತ್ತೀರಿ ಎಂಬುದೇ ನನ್ನ ಭಯ.

ಅದು ಸಾವಿರದ ಒಂಬೈನೂರ ಮೂವತ್ತಾರರ ಅಕ್ಟೋಬರ್, ಗುರುವಾರ. ಊರಿಗೆ ಕರೆಂಟು ಬಂದಿರಲಿಲ್ಲ. ಇದ್ದದ್ದು ಒಂದೇ ರೇಡಿಯೋ, ನಮ್ಮ ಅಡುಗೆಮನೆಯಲ್ಲಿ. ಅದಕ್ಕೊಂದು ಆಸಿಡ್ ತುಂಬಿದ ಗಾಜಿನ ಬ್ಯಾಟರಿ. ಶನಿವಾರ ಬಸ್ಸಿನಲ್ಲಿ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಹೋಗಿ ಪಟ್ಟಣದಲ್ಲಿ ಚಾರ್ಜ್ ಮಾಡಿಸಬೇಕು. ಗುರುವಾರದ ಹೊತ್ತಿಗೆ ಅದರಲ್ಲಿ ಉಳಿಯುತ್ತಿದ್ದದ್ದು ಹೆಚ್ಚೆಂದರೆ ಎರಡು ಗಂಟೆಯ ಜೀವ.

ಅಕ್ಕನ ಹತ್ತು ನಿಮಿಷದ ಭಾಷಣದ ವಿಷಯ, ತಾನು ದಿನವೂ ದಾಟುವ ಹದಿಮೂರು ಗೇಟುಗಳು. ಊರಿನ ಎದೆ ಡವಡವ ಅನ್ನದೆ ಇರುತ್ತದೆಯೇ? ಯಾರ ಗೇಟು ನೆಲಕ್ಕೆ ಉಜ್ಜುತ್ತದೆ, ಯಾರದ್ದು ಹಗ್ಗದಲ್ಲಿ ನೇತಾಡುತ್ತದೆ, ಎಲ್ಲವೂ ಅವಳಿಗೆ ಗೊತ್ತು. ಪಾಪ, ಮೂರು ವಾರ ನಿದ್ದೆಗೆಟ್ಟು ದಾರಿಯ ದನಗಳ ಮುಂದೆ ನಿಂತು ಅಭ್ಯಾಸ ಮಾಡಿದಳು. ಆ ದಿನ ಬೆಳಿಗ್ಗೆ ರೇಡಿಯೋದ ಮೇಲೆ ‘ಸಂಜೆ ಆರೂ ಮುಕ್ಕಾಲರವರೆಗೆ ಮುಟ್ಟಕೂಡದು’ ಎಂದು ಚೀಟಿ ಅಂಟಿಸಿ ರೇಡಿಯೋ ನಿಲಯವಿದ್ದ ಪ್ಲಿಮತ್‌ನ ರೈಲು ಹತ್ತಿದಳು. ಹತ್ತುವಾಗ ನನಗೆ ಹೇಳಿದಳು: "ಏ ಹೆಡ್ಲಿ, ಕೊನೇ ಮಾತು ನಿನಗೇ ಅಂತ ಬರೆದಿದೀನಿ ಕಣೋ. ಕಿವಿ ತೆರ್ಕೊಂಡು ಕೇಳು."

ಮುಟ್ಟಕೂಡದು ಎಂದರೆ ಮುಟ್ಟದಿರುವ ಜನವೇ ನಾವು? ಹತ್ತೂಕಾಲಿಗೆ ಅಮ್ಮ ಪ್ರಾರ್ಥನೆ ಹಾಕಿದಳು. "ಪ್ರಾರ್ಥನೆಗೆ ಬ್ಯಾಟರಿ ಖರ್ಚಾದ್ರೆ ದೇವರು ನೋಡ್ಕೋತಾನೆ ಬಿಡೋ" ಎಂದಳು. ಪ್ರಾರ್ಥನೆಯ ಬೆನ್ನಿಗೇ ಒಬ್ಬ ಮಹಿಳೆ ಮೊಲದ ಮಾಂಸ ಬೇಯಿಸುವುದನ್ನು ಹೇಳಿದರು. ಅಮ್ಮ ಅದನ್ನೂ ಭಕ್ತಿಯಿಂದಲೇ ಕೇಳಿದಳು. ಆಮೇಲೆ ತಾತ ಬಂದು ಸಮುದ್ರದ ಹವಾಮಾನ ಹಾಕಿದರು. "ತಾತ, ನಿನ್ನ ದೋಣೀಲಿ ಈಗ ಕೋಳಿ ಮಲಗ್ತವಲ್ಲ!" ಎಂದೆ. "ಗಾಳಿ ಯಾವ ಕಡೆಯಿಂದ ಅಂತ ಕೋಳಿಗಾದ್ರೂ ಗೊತ್ತಾಗ್ಬೇಕಲ್ಲೋ" ಎಂದರು. ಮಧ್ಯಾಹ್ನ ಏನಾಯಿತು ಎನ್ನುವುದು ಇಲ್ಲಿ ಅಪ್ರಸ್ತುತ.

ಸಂಜೆ ಇಪ್ಪತ್ತಮೂರು ಜನ ಅಡುಗೆಮನೆಯಲ್ಲಿ ಸೇರಿದರು. ಉದ್ಘೋಷಕರು ಅಕ್ಕನ ಹೆಸರು ಹೇಳಿದರು. ನಮಗೆಲ್ಲ ಮೈ ಜುಮ್ಮೆಂದಿತು. ಅಕ್ಕನ ಧ್ವನಿ ಬಂತು: "ನನ್ನ ದಾರಿಯ ಮೊದಲನೇ ಗೇಟು..."

ಅಷ್ಟೇ. ರೇಡಿಯೋ ಉಸಿರು ಬಿಟ್ಟಿತು. ಬಡಿದೆವು, ಅಲ್ಲಾಡಿಸಿದೆವು, ಅಮ್ಮ ಬ್ಯಾಟರಿಗೆ ಉಣ್ಣೆಯ ಶಾಲು ಸಹ ಹೊದಿಸಿದಳು. ಶ್ರೀಮತಿ ಅಗ್ಲೋ ಎದ್ದು ನಿಂತು, "ಮೊದಲನೇ ಗೇಟು ನಂದು! ಏನಂದ್ಲು? ಏನಂದ್ಲು ಹೇಳ್ರೋ!" ಎಂದು ಕೂಗಿದರು. ಹೇಳುವವರು ಯಾರು? ಕೊನೆಗೆ ಅಮ್ಮ, "ಯಾರೂ ಬಾಯಿ ಬಿಡ್ಬೇಡಿ. ಮೂರು ವಾರ ನಿದ್ದೆ ಮಾಡಿಲ್ಲ ನನ್ನ ಮಗಳು. ಕೇಳಿದ್ವಿ, ಚೆನ್ನಾಗಿತ್ತು ಅನ್ನಿ" ಎಂದಳು. ಇಪ್ಪತ್ತಮೂರು ಜನರೂ ಒಪ್ಪಿದರು.

ಮರುದಿನ ಬೆಳಿಗ್ಗೆ ಊರಿನಲ್ಲೆಲ್ಲ ಸುತ್ತಿಗೆಯ ಸದ್ದು. ತನ್ನ ಗೇಟಿನ ಬಗ್ಗೆ ಏನು ಹೇಳಿದ್ದಾಳೋ ಎಂದು ಹೆದರಿ ಹದಿಮೂರು ಮನೆಯವರೂ ರಿಪೇರಿಗೆ ಇಳಿದಿದ್ದರು. ಶ್ರೀಮತಿ ಅಗ್ಲೋ ಬಣ್ಣವನ್ನೂ ಹಚ್ಚಿದರು. ಅಕ್ಕ ಬಂದವಳು ಬೆರಗಾಗಿ, "ಏನಾಯ್ತೋ ಇವರಿಗೆಲ್ಲ? ನಾನು ಯಾರನ್ನೂ ಬೈದಿಲ್ಲವಲ್ಲೋ, ಹೊಗಳಿಯೇ ಇದ್ದೆ!" ಎಂದಳು. "ಹೊಗಳಿಸಿಕೊಂಡು ನಾಚಿಕೆ ಆಗಿರ್ಬೇಕು ಅಕ್ಕ" ಎಂದೆ. ಆಗ ಅವಳು ಕೇಳಿದಳು: "ಕೊನೇ ಮಾತು ಕೇಳಿಸ್ತಾ?"

"ಕೇಳಿಸ್ತು."

"ಏನನ್ನಿಸ್ತು?"

"ಅದನ್ನೆಲ್ಲ ಬಾಯ್ಬಿಟ್ಟು ಹೇಳೋಕಾಗುತ್ತಾ?"

ಅಕ್ಕ ಬೂಟಿನ ದಾರ ಕಟ್ಟಿಕೊಂಡು ಅಂಚೆ ಹಂಚಲು ಹೋದಳು. ಮತ್ತೆಂದೂ ಆ ಮಾತು ಎತ್ತಲಿಲ್ಲ.

ಪಾದ್ರಿಗಳು ಮೂರನೆಯ ಸಲ ಗಡಿಯಾರ ನೋಡುತ್ತಿದ್ದಾರೆ. ಆ ಮಧ್ಯಾಹ್ನ ಅಪ್ರಸ್ತುತ ಎಂದೆನಲ್ಲ, ಅದು ಸುಳ್ಳು. ಮಧ್ಯಾಹ್ನ ಯಾರೋ ಮಹನೀಯರು ಶಾಲಾ ಮಕ್ಕಳಿಗೆ ಮರುಭೂಮಿಯ ಒಂಟೆಗಳ ಬಗ್ಗೆ ಪಾಠ ಹೇಳಿದರು. ನನಗೆ ಒಂಟೆಯೆಂದರೆ ಪ್ರಾಣ. ಐದೇ ನಿಮಿಷ ಎಂದು ಹಾಕಿದೆ. ಕೇಳುತ್ತ ಕುರ್ಚಿಯಲ್ಲೇ ನಿದ್ದೆ ಹೋದೆ. ಎಚ್ಚರವಾದಾಗ ಒಂಟೆ ಹೋಗಿ, ಹಾಡು ಹೋಗಿ, ಬೇರೊಬ್ಬರು ಗುಲಾಬಿ ಗಿಡ ಕತ್ತರಿಸುವುದನ್ನು ಹೇಳುತ್ತಿದ್ದರು. ಬಾಗಿಲಲ್ಲಿ ತಾತ ನಿಂತಿದ್ದರು. ಆ ಸಂಜೆ ಎಲ್ಲರೂ ತಾತನ ಹವಾಮಾನಕ್ಕೆ ಬೈದಾಗಲೂ ನನ್ನ ಹೆಸರು ಹೇಳಲಿಲ್ಲ. ಬೈಸಿಕೊಂಡೇ ತೀರಿಕೊಂಡರು. ತಾತ, ತಪ್ಪಾಯಿತು.

ಅಕ್ಕ, ನಿನಗೂ ಹೇಳುತ್ತಿದ್ದೇನೆ, ತಪ್ಪಾಯಿತು. ನಾವ್ಯಾರೂ ನಿನ್ನ ಭಾಷಣ ಕೇಳಲಿಲ್ಲ. ನನಗೆಂದು ಬರೆದ ಮಾತನ್ನು ನಾನೇ ಒಂಟೆಗಳಿಗೆ ಕಳೆದುಕೊಂಡೆ. ಕೇಳಿಸಿತು ಎಂದು ಒಂದು ಸಲ ಹೇಳಿದ ಮೇಲೆ, ಏನದು ಎಂದು ಮತ್ತೆ ಹೇಗೆ ಕೇಳಲಿ? ಇಪ್ಪತ್ತೈದು ವರ್ಷ ನಿನ್ನ ಬೂಟಿಗೆ ಮೊಳೆ ಹೊಡೆಯುವಾಗಲೆಲ್ಲ ಏನಿದ್ದಿರಬಹುದು ಎಂದೇ ಯೋಚಿಸಿದ್ದೇನೆ.

ಇಲಾಖೆಗೆ ಮರಳಿಸಬೇಕೆಂದು ಅಕ್ಕ ನಿನ್ನೆ ತನ್ನ ಅಂಚೆ ಚೀಲವನ್ನು ಹೊಲಿಯಲು ಕೊಟ್ಟಳು. ಹರಿದ ಅಸ್ತರದ ಒಳಗೆ ಐದು ಹಾಳೆಗಳಿದ್ದವು. ‘ನನ್ನ ದಾರಿಯ ಮೊದಲನೇ ಗೇಟು’ ಎಂಬಷ್ಟು ಓದಿದೆ. ಅಷ್ಟು ಮಾತ್ರ ನನಗೆ ಮೊದಲೇ ಗೊತ್ತಿತ್ತು. ಮುಂದಕ್ಕೆ ಓದಲು ಧೈರ್ಯ ಬರಲಿಲ್ಲ.

ಅಧಿಕಾರಿಗಳು ಕ್ಷಮಿಸಬೇಕು. ನಲವತ್ತು ವರ್ಷ ಎಲ್ಲರ ಕಾಗದವನ್ನೂ ತಲುಪಿಸಿದವಳದೇ ಒಂದು ಕಾಗದ ತಲುಪದೆ ಉಳಿದಿದೆ. ಹಾಳೆಗಳು ಇಲ್ಲಿವೆ. ಈ ಮೈಕಿಗೆ ಬ್ಯಾಟರಿ ಇಲ್ಲ, ಗೋಡೆಯ ಕರೆಂಟು. ಬೆಳಿಗ್ಗೆಯಿಂದ ನಾನು ಏನನ್ನೂ ಮುಟ್ಟಿಲ್ಲ. ಶ್ರೀಮತಿ ಅಗ್ಲೋ ಮುಂದಿನ ಸಾಲಿಗೇ ಬಂದು ಕುಳಿತಿದ್ದಾರೆ.

ಬಾ ಅಕ್ಕ. ಈ ಸಲ ನಾನು ನಿದ್ದೆ ಮಾಡುವುದಿಲ್ಲ.

ನನ್ನನ್ನು ಸಹಿಸಿಕೊಂಡ ಸಭೆಗೆ ಧನ್ಯವಾದ, ಅಕ್ಕನ ಕಾಲುಗಳಿಗೆ ನಮಸ್ಕಾರ.