ಒಳ್ಳೆ ಕ್ರಿಮಿಯ ರಸ

ಹೆರಿಗೆ ಡಾಕ್ಟರ ಕೋಣೆಯ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಒಬ್ಬ ಬಸುರಿ ಕೂತಿದ್ದಳು. ಗಂಡ ಚೀಸ್ ಕಾರ್ಖಾನೆಯ ಸಮವಸ್ತ್ರದಲ್ಲೇ ಬಂದಿದ್ದ. ಅವನು ತಂದ ಚೀಸ್ ಡಬ್ಬಿಯನ್ನು ಅವಳು ತಿರುಗಿಸಿ ತಿರುಗಿಸಿ ಓದುತ್ತಿದ್ದಳು.

“ರೀ, ಕ್ರಿಮಿ ಸಾಯಿಸೋದು ಏನೋ ಹಾಕಿದ್ದಾರಲ್ಲ ಇದಕ್ಕೆ.”

“ಅದು ನೈಸರ್ಗಿಕ ಕಣೇ. ಬೇಗ ಕೆಡಬಾರದು ಅಂತ ಹಾಕ್ತಾರೆ.”

“ಯಾವುದರಿಂದ ಮಾಡ್ತಾರೆ?”

“ಕ್ರಿಮಿಯಿಂದಲೇ.”

“ಕ್ರಿಮಿ ಸಾಯಿಸೋಕೆ ಕ್ರಿಮೀನಾ?”

“ಹಾಲಲ್ಲಿರೋ ಒಳ್ಳೆ ಕ್ರಿಮಿ ಒಂದು ರಸ ಬಿಡುತ್ತಂತೆ. ಅದಕ್ಕೆ ಕೆಟ್ಟವು ಸಾಯ್ತವಂತೆ.”

“ಯಾವುದು ಒಳ್ಳೇದು, ಯಾವುದು ಕೆಟ್ಟದ್ದು ಅಂತ ಆ ರಸಕ್ಕೆ ಹೇಗೆ ಗೊತ್ತಾಗುತ್ತೆ?”

ಅವನು ತಲೆ ಕೆರೆದುಕೊಂಡ. “ನಾನು ಡಬ್ಬಿಗೆ ಮುಚ್ಚಳ ಹಾಕೋನು. ನನ್ನ ಕೇಳಿದ್ರೆ?”

“ಹೋದ ಸಲದ ಹಾಗೆ ಈ ಮಗೂನೂ ಕಳಕೊಂಡ್ರೆ?”

“ಹೋದ ಸಲ ನೀನು ಚೀಸ್ ಮುಟ್ಟೇ ಇರ್ಲಿಲ್ಲ.”

“ಹೌದು. ಅದಕ್ಕೇ ಈ ಸಲ ಏನು ಬಿಡಬೇಕು ಅಂತಾನೇ ಗೊತ್ತಾಗ್ತಿಲ್ಲ.”

ನರ್ಸ್ ಬಾಗಿಲು ತೆಗೆದು ಕರೆದಳು.

“ರೀ, ಒಳಗೆ ನೀವೇ ಕೇಳಿ.”

“ಏನಂತ ಕೇಳಲಿ?”

“ಮೊದಲು ಮಗೂ ಎದೆ ಬಡೀತಿದೆಯಾ ಅಂತ ಕೇಳಿ. ಚೀಸ್ ವಿಷಯ ಆಮೇಲೆ.”

ಅವನು ಅವಳ ತೋಳು ಹಿಡಿದು ಎಬ್ಬಿಸಿದ. ಇಬ್ಬರೂ ಒಳಗೆ ಹೋದರು.