ಕೊನೆಯ ಖೋಲಿಯ ರೊಟ್ಟಿ ಸದ್ದು

ಶಹಾಡ್ ಸ್ಟೇಷನ್ನಿನಿಂದ ನಮ್ಮ ಬಿಲ್ಡಿಂಗಿಗೆ ಬರುವಾಗ, ಕಬ್ಬಿಣದ ಜಾಲರಿ ಮುಚ್ಚಿದ ಒಂದು ಬಾವಿ ಸಿಗುತ್ತದೆ ನೋಡಿ... ಅಲ್ಲೇ ಆದದ್ದು ಇದು. ಅವರಿವರ ಬಾಯಿಂದ ಕೇಳಿದ್ದಲ್ಲ. ಎರಡನೇ ಮಾಳಿಗೆಯ ವಿನೋದಕ್ಕನ ಮಗಳು ಪ್ರಣೀತಾ, ನನ್ನ ಎದುರಿಗೇ ಕೂತು ಹೇಳಿದ್ದು.

ಪ್ರಣೀತಾ ಆಗ ಠಾಣೆಯಲ್ಲಿ ಯಶ್ವಂತ್ ಸರ್ ಹತ್ತಿರ ರೇಡಿಯೋ ಜಿಂಗಲ್ ಮಾಡಲು ಕಲಿಯುತ್ತಿದ್ದಳು. ಜಾಹೀರಾತಿನ ಪುಟ್ಟ ಹಾಡು ಬರುತ್ತದಲ್ಲ, ಅದು. ಕೊನೆಯ ಪರೀಕ್ಷೆಗೆ ಸರ್ ನಿಜವಾದ ಗಿರಾಕಿಯನ್ನೇ ಹಿಡಿದು ತಂದಿದ್ದರು: ಸಂಗಮೇಶ, ಕಲ್ಯಾಣದಲ್ಲಿ ಜೋಳದ ರೊಟ್ಟಿ ಮಾಡಿ ಮಾರುವವರು, ವಿಜಯಪುರದ ಕಡೆಯವರು. ಹಾಡೇನೋ ಚೆನ್ನಾಗಿ ಬಂತು. ಅದರ ಹಿಂದೆ ಕೈಯಲ್ಲಿ ರೊಟ್ಟಿ ಬಡಿಯುವ ಸದ್ದು ಬೇಕಿತ್ತು. ಸಂಗಮೇಶರಲ್ಲಿ ಈಗ ಎಲ್ಲ ಮೆಷಿನ್. ಇವಳೋ ಉಡುಪಿ ಕಡೆಯವಳು, ಮನೆಯಲ್ಲಿ ನೀರುದೋಸೆ. ಮಣೆಗೆ ಹೊಡೆದು ನೋಡಿದಳು, ಒದ್ದೆ ಬಟ್ಟೆಗೆ ಹೊಡೆದು ನೋಡಿದಳು, ತೊಡೆಗೂ ಹೊಡೆದುಕೊಂಡಳು.

"ಇದು ಚಪ್ಪಾಳೆ ಪ್ರಣೀತಾ, ರೊಟ್ಟಿ ಅಲ್ಲ," ಅಂದರು ಸರ್. "ರೇಡಿಯೋಕ್ಕೆ ಕಣ್ಣಿಲ್ಲ. ಕೇಳಿದವರಿಗೆ ಹಸಿವಾಗಬೇಕು. ನಾಳೆ ತರದಿದ್ದರೆ ಈ ಕೆಲಸ ದುಸ್ರಾ ಯಾರಿಗಾದ್ರೂ ಕೊಡ್ತೇನೆ."

ಅಪ್ಪ ಬೇರೆ ಹೇಳಿಬಿಟ್ಟಿದ್ದರು, ಇದೂ ಆಗದಿದ್ದರೆ ಮಹಾಪೆಯ ನಮ್ಮ ಹೋಟೆಲಿಗೆ ಬಂದು ಗಲ್ಲಾಪೆಟ್ಟಿಗೆಯ ಮುಂದೆ ಕೂತ್ಕೋ ಅಂತ.

ಆ ರಾತ್ರಿ ಮುಂಬೈ ಕಡೆಯಿಂದ ಬರುವ ಲೋಕಲ್ ರೈಲು ತಡ. ಸ್ಟೇಷನ್ನಿನಿಂದ ಒಬ್ಬಳೇ ನಡೆದು ಬರುತ್ತಿದ್ದಾಳೆ. ಬಾವಿಯ ಹತ್ತಿರದ ಲೈಟು ಹೋಗಿತ್ತು. ಬಾವಿಯ ಆಚೆ ಹಳೇ ಚಾಳು, ಸಾಲು ಖೋಲಿಗಳ ವಠಾರ; ಕೆಡವುತ್ತೇವೆಂದು ಎಲ್ಲರನ್ನೂ ಒಕ್ಕಲೆಬ್ಬಿಸಿ ವರ್ಷಗಳೇ ಆಗಿದ್ದವು. ಅಲ್ಲಿಂದ...

ತಪ್... ತಪ್... ತುಪ್.

ಎರಡು ಜೋರು, ಒಂದು ಮೆತ್ತಗೆ. ಆಮೇಲೆ ಗಾಜಿನ ಬಳೆ, ಕಿಣ್.

ಇವಳ ಕಾಲು ನಿಂತಿತು. ಹುಡುಕುತ್ತಿದ್ದ ಸದ್ದು, ಅದೇ! ಕೊನೆಯ ಖೋಲಿಯ ಕಿಟಕಿಗೆ ಒಂದು ಹಲಗೆ ಮುರಿದಿತ್ತು. ಒಳಗೆ ಕತ್ತಲೆ. ಒಲೆಯ ಬೆಳಕೂ ಇಲ್ಲ.

"ಯಾರಿದ್ದೀರಿ ಒಳಗೆ?" ಪಿಸುಮಾತಲ್ಲೇ ಕೇಳಿದಳು.

"ಯಾಕ ನಿಂತಿ ತಂಗಿ?" ಮುದುಕಿಯ ದನಿ.

"ಅಜ್ಜೀ... ಈ ಸದ್ದು ರೆಕಾರ್ಡ್ ಮಾಡ್ಲಾ? ರೇಡಿಯೋಕ್ಕೆ."

"ನಾ ಏನರ ಹಾಡಬೇಕೇನು?"

"ಬೇಡ ಅಜ್ಜಿ. ನೀವು ರೊಟ್ಟಿ ತಟ್ಟಿದ್ರೆ ಸಾಕು."

ಹೆಡ್‌ಫೋನ್ ಹಾಕಿಕೊಂಡು, ರೆಕಾರ್ಡರನ್ನು ಕಿಟಕಿಯ ಸಂದಿಗೆ ಹಿಡಿದಳು. ತಪ್, ತಪ್, ತುಪ್... ಕಿಣ್. ರೆಕಾರ್ಡರಿನ ಪರದೆಯಲ್ಲಿ ಒಂದೊಂದು ಏಟಿಗೂ ಹಸಿರು ಗೆರೆ ಎದ್ದು ಇಳಿಯುತ್ತಿತ್ತು. ಎಂಥ ಚೊಕ್ಕ ಸದ್ದು! ಇಪ್ಪತ್ತು ಸೆಕೆಂಡು ಸಿಕ್ಕಿದರೆ ಗೆದ್ದೆ ಅಂದುಕೊಂಡಳು.

ಒಂದು ಕಿವಿಯ ಹೆಡ್‌ಫೋನ್ ಸ್ವಲ್ಪ ಸರಿದಿತ್ತು. ಆ ಕಿವಿಗೆ ಕೇಳಿಸಿತು: "ಉಂಡಿಯೇನ ತಂಗಿ?"

ಹೆಡ್‌ಫೋನ್ ಇದ್ದ ಇನ್ನೊಂದು ಕಿವಿಗೆ... ಆ ಮಾತೇ ಇಲ್ಲ.

ಪರದೆ ನೋಡಿದಳು. ಹಸಿರು ಗೆರೆ ಮಲಗಿದೆ. ಹೆಡ್‌ಫೋನನ್ನು ಎರಡೂ ಕಿವಿಗೆ ಒತ್ತಿ ಹಿಡಿದಳು. ತಪ್, ತಪ್, ತುಪ್. ಮಾತಿಲ್ಲ. ತೆಗೆದಳು.

"...ಕೇಳಾಕತ್ತೀನಿ, ಉಂಡಿಯೇನ?"

ರೊಟ್ಟಿಯ ಸದ್ದು ಯಂತ್ರಕ್ಕೆ ಕೇಳುತ್ತಿದೆ, ಮಾತು ಕೇಳುತ್ತಿಲ್ಲ. ಓಡಬೇಕಿತ್ತು. ಓಡಲಿಲ್ಲ, ಪುಣ್ಯಾತ್ಗಿತ್ತಿ! ಇನ್ನೂ ಇಪ್ಪತ್ತು ಸೆಕೆಂಡು ಆಗಿರಲಿಲ್ಲ. ರೆಕಾರ್ಡರ್ ಅಲುಗಿದರೆ ಸದ್ದು ಕೆಡುತ್ತದೆಂದು ಮೊಣಕೈಯನ್ನು ಗೋಡೆಗೆ ಒತ್ತಿ ನಿಂತಳು.

"ಯಾರಿಗೆ ಬೇಕಾಗೇತಿ ಈ ಸದ್ದು?"

"ಸಂಗಮೇಶ ಅಂತ... ಕಲ್ಯಾಣದವ್ರು..."

ಬಡಿಯುವುದು ನಿಂತಿತು.

ಎಲ್ಲೋ ದೂರದಲ್ಲಿ ಗಾಡಿಯ ಹಾರ್ನ್. ಬಾವಿಯ ಜಾಲರಿ ಸಣ್ಣಗೆ ಝೇಂಕರಿಸಿ ಸುಮ್ಮನಾಯಿತು. ಆಮೇಲೆ ಆ ದನಿ, ಈಗ ಕಿಟಕಿಗೆ ತೀರ ಹತ್ತಿರ... ಅವಳ ಕೆನ್ನೆಯ ಪಕ್ಕದಲ್ಲೇ...

"ನಮ್ಮ ಸಂಗ್ಯಾಗೇನು?"

ಮನೆಗೆ ಹೇಗೆ ಬಂದಳೋ ಅವಳಿಗೇ ಗೊತ್ತಿಲ್ಲ. ಒಂದು ಚಪ್ಪಲಿ ದಾರಿಯಲ್ಲೇ ಉಳಿದಿತ್ತು. ವಿನೋದಕ್ಕ ಎಷ್ಟು ಕೇಳಿದರೂ ನಾಯಿ ಅಟ್ಟಿಸಿಕೊಂಡು ಬಂತು ಅಂದಳಷ್ಟೆ.

ಮರುದಿನ ಠಾಣೆಯಲ್ಲಿ ಸರ್ ರೆಕಾರ್ಡಿಂಗ್ ಹಾಕಿದರು. ಸಂಗಮೇಶರೂ ಬಂದು ಕೂತಿದ್ದರು. ಪ್ರಣೀತಾಳ ಮಾತು ಕೇಳಿಸಿತು. ಅದಕ್ಕೆ ಉತ್ತರ ಇರಬೇಕಾದ ಕಡೆಗಳಲ್ಲಿ ಬರೀ ಖಾಲಿ. ಸರ್ ನಕ್ಕರು. "ಯಾರ ಹತ್ತಿರ ಮಾತಾಡ್ತಿದ್ದಿ ಮಾರಾಯ್ತಿ?"

ಸಂಗಮೇಶ ನಗಲಿಲ್ಲ. ಕಣ್ಣು ಮುಚ್ಚಿ, ಬೆರಳಿನಿಂದ ಮೇಜಿನ ಮೇಲೆ ಬಡಿಯುತ್ತಿದ್ದರು. ಎರಡು ಜೋರು, ಒಂದು ಮೆತ್ತಗೆ. ಬಳೆ ಕಿಣ್ ಅನ್ನುವ ಮೊದಲೇ ಬೆರಳು ನಿಲ್ಲಿಸುತ್ತಿದ್ದರು, ಪ್ರತಿ ಸಲವೂ.

"ಎಲ್ಲಿ ಸಿಕ್ತು ಇದು ನಿಮಗ?"

"ಶಹಾಡ್... ಬಾವಿ ಹತ್ತಿರದ ಚಾಳು. ಕೊನೇ ಖೋಲಿ."

ಸಂಗಮೇಶ ಕಣ್ಣು ತೆರೆದರು. "ಆ ಖೋಲಿ ಕೀಲಿ ನನ್ನ ಕಡೆ ಐತೆವ್ವಾ. ನಮ್ಮವ್ವ ಸಾಬವ್ವ ಅಲ್ಲೇ ರೊಟ್ಟಿ ಬಡದು ನಮ್ಮನ್ನ ಸಾಕಿದ್ಲು. ಆಕಿ ಹೋದ ಮ್ಯಾಲ ನಾ ಬಾಗಿಲಾ ತಗದಿಲ್ಲ."

ಪ್ರಣೀತಾ ಆಗ ಎಲ್ಲ ಹೇಳಿದಳು, ಸಂಗ್ಯಾ ಅಂದದ್ದನ್ನೂ. ಆ ಹೆಸರನ್ನು ಕೇಳಿ ಆ ದೊಡ್ಡ ಮನುಷ್ಯ ಕರ್ಚೀಫಿನಲ್ಲಿ ಮುಖ ಮುಚ್ಚಿಕೊಂಡರು. ಆಮೇಲೆ ಸರ್ ಕಡೆ ತಿರುಗಿ, "ಮಾತು ತಗೀರಿ. ಬಡಿಯೋ ಸದ್ದು ಅಷ್ಟ ಇಡ್ರಿ. ಇದೇ ಇರ್ಲಿ," ಅಂದರು. ಹಾಗೆ ಪ್ರಣೀತಾ ಪಾಸಾದಳು. ಆ ಜಿಂಗಲ್ ರೇಡಿಯೋದಲ್ಲಿ ಬಂತು, ನೀವೂ ಕೇಳಿರಬಹುದು.

ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ರೆಕಾರ್ಡಿಂಗ್ ಕೇಳಿದ ದಿನವೇ ಸಂಗಮೇಶ ಇವಳನ್ನು ಕರೆದುಕೊಂಡು ಶಹಾಡಿಗೆ ಬಂದರು. ಇನ್ನೂ ಬಿಸಿಲಿತ್ತು. ಬೀಗ ತುಕ್ಕು ಹಿಡಿದು, ಎಣ್ಣೆ ಬಿಟ್ಟು ಎಷ್ಟೋ ಹೊತ್ತು ತಿರುಗಿಸಬೇಕಾಯಿತು. ಒಳಗೆ ನೆಲದ ತುಂಬ ಧೂಳು, ಒಂದು ಹೆಜ್ಜೆಯ ಗುರುತಿಲ್ಲ. ಕರೆಂಟಿಲ್ಲ, ಸಾಮಾನಿಲ್ಲ. ಗೋಡೆಯ ಮೊಳೆಯಲ್ಲಿ ರೊಟ್ಟಿ ಬೇಯಿಸುವ ಒಂದು ಹಂಚು ಮಾತ್ರ ನೇತಾಡುತ್ತಿತ್ತು.

"ಅವ್ವನ ಹಂಚು," ಅಂದರು. ಇಳಿಸಿಕೊಳ್ಳಲು ಕೈ ಹಾಕಿದರು.

ಚುರ್...

"ಅಯ್ಯವ್ವಾ!" ಅಂತ ಕೈ ಹಿಂದಕ್ಕೆಳೆದರು. ನಾಲ್ಕೂ ಬೆರಳು ಬೊಬ್ಬೆ. ಡಾಕ್ಟರು ಮುಲಾಮು ಹಚ್ಚಿ ಪಟ್ಟಿ ಕಟ್ಟಿದರು, ಅಡಿಗೆಮನೆಯಲ್ಲಿ ಜೋಪಾನ ಅಂದರು.

ಸುಳ್ಳಲ್ಲ. ಆ ಬೆರಳುಗಳ ಕಲೆ ನಾನು ಕಣ್ಣಾರೆ ನೋಡಿದ್ದೇನೆ. ಗೋಡೆಗೆ ತೂಗುಹಾಕಿದ್ದ ಹಂಚು ಅದು. ಕೆಳಗೆ ಒಲೆಯೇ ಇರಲಿಲ್ಲ.