ಕೈ ಹುಷಾರು

ಅಲುಗಾಡಬೇಡ ಅಂದ್ನಲ್ಲ! ಕೈ ಎದೆಗಿಂತ ಮೇಲಿರಲಿ… ಹಾಂ, ಹಾಗೆ. ದಿಂಬಿನ ಮೇಲಿಡು. ಡ್ರೈವರಣ್ಣಾ, ಗುಂಡಿ ನೋಡ್ಕೊಂಡು ಓಡ್ಸಪ್ಪಾ! ಹಿಂದೆ ಮಲಗಿರೋದು ಮೂಟೆಯಲ್ಲ, ನಮ್ಮ ಹುಡುಗಿ!

ಯಾಕೆ ನಗ್ತೀಯಾ? ನಗೋಂಥದ್ದೇನಿದೆ ಇದರಲ್ಲಿ? ಓಹೋ… ದಿನಾ ಆಂಬುಲೆನ್ಸಲ್ಲಿ ಬೇರೆಯವರನ್ನ ಮಲಗಿಸಿ ಕರ್ಕೊಂಡು ಹೋಗೋಳು ಇವತ್ತು ತಾನೇ ಸ್ಟ್ರೆಚರ್ ಹತ್ತಿದ್ಳು ಅಂತನಾ? ಸಾಕು, ತುಟಿ ಒಡೆದಿದೆ. ನಕ್ಕರೆ ಮತ್ತೆ ರಕ್ತ ಬರುತ್ತೆ.

ಸರಿ. ಗಾಡಿ ವಾಪಸ್ ಹೊರಟ ಮೇಲೆ ನಮ್ಮ ಪದ್ಧತಿ ಏನು? ಅವತ್ತಿನ ತಪ್ಪು ಅವತ್ತೇ ಬಾಯ್ಬಿಟ್ಟು ಹೇಳ್ಬೇಕು. ಟ್ರೈನಿಂಗಿಗೆ ಬಂದಾಗಿನಿಂದ ಒಂದು ದಿನಾನೂ ತಪ್ಪಿಸಿಲ್ಲ ನೀನು. ಡ್ರಿಪ್ ಹಾಕೋದು ಕಲೀವಾಗ ನನ್ನ ತೋಳನ್ನೇ ಜರಡಿ ಮಾಡಿ, ಅಳ್ತಾ ಹೇಳಿದ್ದೆ, 'ಅಕ್ಕಾ, ಪುಸ್ತಕದಲ್ಲಿ ನರ ಇಲ್ಲೇ ಇತ್ತು' ಅಂತ! ಅವತ್ತೇ ತಾನೇ ನಿನಗೆ ಪುಸ್ತಕಮ್ಮ ಅಂತ ಹೆಸರು ಬಿದ್ದಿದ್ದು? ಆಮೇಲೆ ಬಾಗಿಲು… 'ಕೈ ಹುಷಾರು' ಅಂತ ಕೂಗದೆ ನೀನು ಗಾಡಿ ಬಾಗಿಲು ಎಳೆದೆ ಅಂತ ಇಡೀ ದಿನ ನಾನು ಕೂಗಿಸಿದ್ದೆ. ಕೂಗ್ಬೇಕು, ಎಲ್ಲರ ಕೈ ನೋಡ್ಬೇಕು, ಆಮೇಲೆ ಎಳೀಬೇಕು. ಕೂಗಿ ಕೂಗಿ ಗಂಟಲು ಕಟ್ಕೊಂಡಿತ್ತು ನಿಂಗೆ! ಈಗ ನೋಡು, ಒಣಗಿದ ಕಡ್ಡಿಯಂಥ ಅಜ್ಜಿ ಕೈಲೂ ಒಂದೇ ಚುಚ್ಚಿಗೆ ನರ ಹಿಡೀತೀಯಾ. ತಪ್ಪು ಮಾಡಿ ಮಾಡೀನೇ ಈ ಬೆರಳಿಗೆ ಬುದ್ಧಿ ಬಂದಿದ್ದು…

ಈ ಬೆರಳಿಗೆ…

ಏನಿಲ್ಲ. ಇವತ್ತು ನಾನೇ ಹೇಳ್ತೀನಿ, ಕೇಳು. ಮೊದಲನೇ ತಪ್ಪು, ಪೊಲೀಸರು ಬರೋ ಮುಂಚೆ ಗಾಡಿ ಇಳಿದಿದ್ದು. ವೆಲ್ಡಿಂಗ್ ಅಂಗಡಿ ಪಾಲಿಗೆ ಕಿತ್ತಾಡಿ ತಮ್ಮ ಅನ್ನೋನು ಅಣ್ಣನ ತಲೆಗೆ ಸುತ್ತಿಗೇಲಿ ಬಾರಿಸಿದಾನೆ. ಅಣ್ಣ ಬುರುಡೆ ಒಡ್ಕೊಂಡು ರಸ್ತೇಲಿ ಬಿದ್ದಿದಾನೆ. ತಮ್ಮನ ಕೈಲಿ ಸುತ್ತಿಗೆ ಇನ್ನೂ ಇದೆ, ಅದಕ್ಕೆ ಕೂದಲು ಅಂಟ್ಕೊಂಡಿದೆ! ಸುತ್ತ ಅವನ ಕಡೆಯೋರು, ಒಬ್ಬೊಬ್ಬರ ಕೈಲೂ ರಾಡು. ವೆಲ್ಡಿಂಗ್ ಅಂಗಡಿ ಮುಂದೆ ಕಬ್ಬಿಣಕ್ಕೇನು ಬರವಾ? ಅಂಥಾ ಕಡೆ ನೆಗೆದು ಇಳಿದುಬಿಟ್ಯಲ್ಲೇ!

ಹಾಗೆ ನೋಡಬೇಡ. ಗೊತ್ತು. ಇಳಿ ಅಂದಿದ್ದು ನಾನೇ. ಒಪ್ಪಿದೆ. ಅದರಲ್ಲಿ ಅರ್ಧ ನಂದು.

ಎರಡನೇದು, ಗುಂಪಿಗೆ ಬೆನ್ನು ಹಾಕಿ ಮಂಡಿ ಊರಿದ್ದು. 'ಸಾಯೋನ್ನ ಬದುಕಿಸ್ತೀಯೇನೇ?' ಅಂತ ಕಿರುಚಿ ಒಬ್ಬ ನಿನ್ನ ಬೆನ್ನಿಗೆ ಬಾರಿಸಿದ್ನಲ್ಲ… ಆ ಸದ್ದು! ಒದ್ದೆ ಕಂಬಳಿ ಬಂಡೆಗೆ ಒಗೆದ ಹಾಗಿತ್ತು. ಇನ್ನೊಂದು ಏಟಿಗೆ ಗಾಡಿ ಗಾಜು ಹೋಯ್ತು. ಇನ್ನೊಂದು ನನ್ನ ಹುಬ್ಬಿಗೆ. ನೋಡು, ಇನ್ನೂ ಸೋರ್ತಿದೆ. ರಕ್ತ ಕಣ್ಣಿಗಿಳಿದು ನನಗೇನೂ ಕಾಣಿಸ್ಲಿಲ್ಲ ಕಣೇ. ಏನೂ! ಗಾಡಿ ಹತ್ತಿ, 'ಬಾರೇ, ಬಿಟ್ಟು ಬಾರೇ' ಅಂತ ಗಂಟಲು ಹರ್ಕೊಂಡೆ. ನೀನು ಬಿಟ್ಯಾ? ಬಿದ್ದಿದ್ದೋನ ತಲೆಗೆ ಬಟ್ಟೆ ಒತ್ಕೊಂಡು ಕೂತಿದ್ದೆ, ಏಟು ತಿಂತಾ! ಅವನನ್ನ ಇನ್ನೊಂದು ಗಾಡಿ ಎತ್ಕೊಂಡಿದೆಯಂತೆ. ಉಸಿರಿದೆಯಂತೆ. ನಿನ್ನಿಂದಾನೇ.

ಬಾಗಿಲ ಕಡೆ ಏನು ನೋಡ್ತೀಯಾ? ನನ್ನ ನೋಡು.

ಆಮೇಲೆ ನೀನು ಎದ್ದು ಓಡಿ ಬಂದೆ, ನಾನು ಕಾಲರ್ ಹಿಡಿದು ಒಳಗೆ ಎಳ್ಕೊಂಡೆ, ಅಷ್ಟೇ. ಬದುಕಿದೆಯಾ ಬಡಜೀವವೇ ಅಂತ… ಏನು? ಯಾಕೆ ತಲೆ ಅಲ್ಲಾಡಿಸ್ತೀಯಾ? ಸರಿಯಮ್ಮಾ, ಎಳ್ಕೊಂಡಿದ್ದು ಡ್ರೈವರಣ್ಣ. ಜಾಕಿ ರಾಡು ಬೀಸ್ಕೊಂಡು ಇಳಿದು ಅವನೇ ನಿನ್ನ ಎತ್ತಿ ಒಳಗೆ ಹಾಕಿದ್ದು. ನಾನು ಒಳಗೆ ಜಾಗ ಮಾಡ್ದೆ. ಜಾಗ ಮಾಡೋದೂ ಒಂದು ಕೆಲಸ ತಾನೇ?

ಕೇಳಿಲ್ಲಿ. ಡಾಕ್ಟ್ರು ಕೇಳ್ತಾರೆ, ಕೈ ಹೇಗಾಯ್ತು ಅಂತ. ರಾಡ್ ಏಟು ಅನ್ನು. ಬೆನ್ನಿಗೆ ಬಿದ್ದಿದ್ದೂ ರಾಡೇ, ನನ್ನ ಹುಬ್ಬಿಗೆ ಬಿದ್ದಿದ್ದೂ ರಾಡೇ. ಕೈಗೊಂದು ಯಾಕೆ ಬೇರೆ ಕಥೆ? ಆಂ?

'ಗಾಯ ಸುಳ್ಳು ಹೇಳಲ್ಲ'… ಅದನ್ನೇ ನೆನಸ್ಕೊಳ್ತಿದೀಯಾ? ನಾನೇ ಹೇಳ್ಕೊಟ್ಟಿದ್ದು, ಹೌದು. ನಾಲ್ಕು ಬೆರಳೂ ಒಂದೇ ಸಾಲಲ್ಲಿ, ಪಟ್ಟಿ ಇಟ್ಟು ಗೆರೆ ಎಳೆದ ಹಾಗೆ ಒಡೆದಿವೆ, ಹೌದು. ಕೆಲವು ಸಲ ರಾಡು ಹಾಗೂ ಬೀಳುತ್ತೆ! ಬೀಳಲ್ವಾ? ಕುಂಬಳಕಾಯಿ ಕಳ್ಳ ಅಂದ್ರೆ ನಾನ್ಯಾಕೆ ಹೆಗಲು ಮುಟ್ಟಿ ನೋಡ್ಕೊಳ್ಳಲಿ?

ಮಾತಾಡೇ. ಮೂರನೇ ತಪ್ಪು ನೀನೇ ಹೇಳು. ಬೈಬೇಕು ಅಂದ್ರೆ ಬೈ. ಹೀಗೆ ಸುಮ್ನಿದ್ರೆ ಭಯ ಆಗುತ್ತೆ ಕಣೇ, ತಲೆಗೇನಾದ್ರೂ ಏಟು… ತಾಳು, ಟಾರ್ಚ್ ಹಾಕ್ತೀನಿ. ಈ ಕಣ್ಣು… ಸರಿ ಇದೆ. ಈ ಕಣ್ಣೂ ಸರಿ ಇದೆ. ಎಚ್ಚರವಾಗೇ ಇದೀಯಾ.

ಹಾಗಾದ್ರೆ ಬೇಕಂತಲೇ ಸುಮ್ನಿದೀಯಾ.

ಮತ್ತೆ ಆ ಬಾಗಿಲು! ಏನಿದೆ ಅಲ್ಲಿ, ಅಂಥಾದ್ದು?

…ಓ.

ಗ್ಲೌಸ್ ಚೂರು. ಬಾಗಿಲ ರಬ್ಬರಿಗೆ ಸಿಕ್ಕೊಂಡಿದೆ. ನೀಲಿ. ನಿಂದು. ಆಗಿನಿಂದ ಅದನ್ನೇ ನೋಡ್ತಿದ್ಯಾ? ನಾನು ಬಡಬಡ ಅಂತಿದ್ದಷ್ಟು ಹೊತ್ತೂ ಅದನ್ನೇ ನೋಡ್ತಿದ್ಯೇನೇ?

ಅವನು ನಿನ್ನ ಬೆನ್ನ ಹಿಂದೇನೇ ಇದ್ದ ಕಣೇ! ಸುತ್ತಿಗೆ ಎತ್ಕೊಂಡು… ನೀನು ಒಳಗೆ ಬಂದ್ರೆ ಅವನೂ ಬರ್ತಾನೆ, ನನ್ನ ಬುರುಡೇನೂ ಹಾಗೇ… ನನಗೂ ಮನೇಲಿ ಮಕ್ಕಳಿವೆ… ಬೇಡ. ಬೇಡ, ಹಾಗೆ ನೋಡಬೇಡ. ಹೇಳ್ತೀನಿ.

ರಕ್ತ ಇಳಿದಿದ್ದು ಒಂದೇ ಕಣ್ಣಿಗೆ. ಇನ್ನೊಂದರಲ್ಲಿ ಕಾಣಿಸ್ತಿತ್ತು. ಬಾಗಿಲ ಅಂಚಲ್ಲಿ ನಾಲ್ಕು ನೀಲಿ ಬೆರಳು. ನಿನ್ನವೇ ಅಂತ ಗೊತ್ತಾಯ್ತು. ಗೊತ್ತಾದ ಮೇಲೇ ಬಾಗಿಲು ಎಳೆದೆ. ಮುಚ್ಕೊಳ್ಳಲಿಲ್ಲ ಅಂತ ಇನ್ನೊಂದ್ಸಲ ಎಳೆದೆ. ನಾನು ಕೂಗಲೂ ಇಲ್ಲ.

ಗಾಡಿ ನಿಲ್ತು. ಆಸ್ಪತ್ರೆ ಬಂತು ಅನ್ಸುತ್ತೆ… ಹೊರಗೆ ಬಡೀತಿದಾರೆ. ತೆಗೀತೀನಿ, ನಾನೇ ತೆಗೀತೀನಿ.

ಕೈ ಹುಷಾರು, ಪುಸ್ತಕಮ್ಮ.